ಜಂಕ್ಷನ್ನಿನಿಂದ ಹಿಂದಿರುಗದವರು

ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ, ಸೌತ್ ಲಾನೊ ಎಂಬ ಹೊಳೆಯ ಮಗ್ಗುಲಲ್ಲಿ, ಜಂಕ್ಷನ್ ಎಂಬ ಹೆಸರಿನ ಒಂದು ಚಿಕ್ಕ ಊರುಂಟು. 1954ನೆಯ ಇಸವಿ ಸೆಪ್ಟೆಂಬರ್ ತಿಂಗಳ ಮೊದಲ ದಿನ ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿನಿಂದ ನೂರರ ಆಸುಪಾಸಿನ ತರುಣರು, ತಾವು ಎಲ್ಲಿಗೆ ಹೋಗುತ್ತಿರುವೆವೆಂಬುದನ್ನು ಸರಿಯಾಗಿ ಅರಿಯದೆಯೇ, ಬಸ್ಸುಗಳನ್ನೇರಿ ಆ ಊರಿಗೆ ಬಂದಿಳಿದರು. ಹತ್ತು ದಿನಗಳ ತರುವಾಯ ತಂಡದೊಡನೆ ಹಿಂದಿರುಗಿದವರು ಸುಮಾರು 35 ಮಂದಿ. ಹೀಗೆ ಉಳಿದವರನ್ನು ಫುಟ್ಬಾಲಿನ ಚರಿತ್ರೆ ‘ಜಂಕ್ಷನ್ ಬಾಯ್ಸ್’ ಎಂದು ಅಕ್ಕರೆಯಿಂದ ಹೆಸರಿಟ್ಟು ಕರೆದಿದೆ. ಅವರ ಮೇಲೆ ಪುಸ್ತಕ ಬಂದಿದೆ, ಚಲನಚಿತ್ರವೂ ಬಂದಿದೆ. ಹೋದವರ ವಿಷಯವಾಗಿ ಮಾತ್ರ ‘ಹೋದರು’ ಎಂಬ ಒಂದು ಕ್ರಿಯಾಪದವೇ ಸಾಕೆಂದು ಎಲ್ಲರೂ ಭಾವಿಸಿದಂತಿದೆ. ನನಗೆ ಅದು ಸಾಲದು. ಅಮೆರಿಕದ ಕಾಲೇಜು ಫುಟ್ಬಾಲಿನಲ್ಲಿ ಹುಡುಗರನ್ನು ಕರೆತರುವ, ಉಳಿಸಿಕೊಳ್ಳುವ ಮತ್ತು ಕಳೆದುಕೊಳ್ಳುವ ಪದ್ಧತಿಯ ಕಥೆಯನ್ನು ಹೋದವರ ಪಕ್ಕದಲ್ಲಿ ನಿಂತು ನೋಡಿದಲ್ಲದೆ ಅದರ ನಿಜಸ್ವರೂಪ ತಿಳಿಯದೆಂಬುದು ನನ್ನ ದೃಢವಾದ ನಂಬಿಕೆ.

ಅಲ್ಲಿನವರು ಫುಟ್ಬಾಲ್ ಎನ್ನುವ ಆಟ ನಮ್ಮ ಮೈದಾನಗಳಲ್ಲಿ ಕಾಲಿನಿಂದ ಆಡತಕ್ಕ ಆಟವಲ್ಲ. ನೀಳವಾದ ತೊಗಲಿನ ಚೆಂಡನ್ನು ಎದೆಗವಚಿಕೊಂಡು, ಶಿರಸ್ತ್ರಾಣವನ್ನೂ ಭುಜಕವಚವನ್ನೂ ಧರಿಸಿ, ಎದುರಾಳಿಗಳ ಗೋಡೆಯನ್ನು ಭೇದಿಸಿ ಮುನ್ನುಗ್ಗುವ ಆಟ. 1953ರಲ್ಲಿ ನಿಯಮಗಳು ಬದಲಾಗಿ, ಆಕ್ರಮಣಕ್ಕೊಂದು ಗುಂಪು, ರಕ್ಷಣೆಗೊಂದು ಗುಂಪು ಎಂಬ ಸೌಕರ್ಯ ತಪ್ಪಿಹೋಗಿ, ಅದೇ ಹನ್ನೊಂದು ಮಂದಿ ಎರಡೂ ಕೆಲಸಗಳನ್ನು ಮಾಡಬೇಕಾಗಿ ಬಂದಿತ್ತು. ಆದುದರಿಂದ ಕೌಶಲಕ್ಕಿಂತ ದೇಹದ ದಾರ್ಢ್ಯಕ್ಕೆ ಬೆಲೆ ಏರಿದ್ದ ಕಾಲ ಅದು. ಕೆಂಟಕಿಯ ವಿಶ್ವವಿದ್ಯಾಲಯವನ್ನು ಬಿಟ್ಟು 1954ರಲ್ಲಷ್ಟೇ ಟೆಕ್ಸಾಸಿಗೆ ಬಂದಿದ್ದ ಕೋಚ್ ಪಾಲ್ ಬ್ರಯಂಟ್, ‘ಬೇರ್’ ಎಂಬ ಅಡ್ಡಹೆಸರಿನಿಂದ ಮುಂದೆ ದೇಶವಿಖ್ಯಾತನಾದವನು, ತನ್ನ ಪಾಲಿಗೆ ಬಂದ ತಂಡವನ್ನು ನೋಡಿ ಅತೃಪ್ತನಾಗಿದ್ದ. ಎ ಅಂಡ್ ಎಂ ಆಗ ಗಂಡುಮಕ್ಕಳಿಗೆ ಮಾತ್ರ ಮೀಸಲಾಗಿ, ಸೈನಿಕ ಶಿಸ್ತಿನಲ್ಲಿ ನಡೆಯುತ್ತಿದ್ದ ಕಾಲೇಜು. ಒಳ್ಳೆಯ ಆಟಗಾರರನ್ನು ಅಲ್ಲಿಗೆ ಒಲಿಸಿ ಕರೆತರುವುದು ಸುಲಭವಾಗಿರಲಿಲ್ಲ. ಇದ್ದವರನ್ನೇ ಮೊರದಲ್ಲಿ ಹಾಕಿ ಕೇರಿ ಜೊಳ್ಳನ್ನು ಹಾರಿಸಿ ಗಟ್ಟಿಕಾಳನ್ನು ಉಳಿಸಿಕೊಳ್ಳಬೇಕೆಂದು ಆತ ಸಂಕಲ್ಪಿಸಿದ. ಊರಿನಲ್ಲೇ ಈ ಕೆಲಸ ನಡೆದರೆ ತಂದೆತಾಯಿಗಳೂ ಹಳೆಯ ವಿದ್ಯಾರ್ಥಿಗಳೂ ಅಡ್ಡಬರುವ ಸಂಭವವಿದ್ದುದರಿಂದ, ಕಾಲೇಜಿಗೆ ಸೇರಿದ್ದ ಈ ದೂರದ ಶಿಬಿರಸ್ಥಳವನ್ನು ಆರಿಸಿಕೊಂಡ.

ಟೆಕ್ಸಾಸಿನಲ್ಲಿ ನಾಲ್ಕೈದು ವರ್ಷಗಳಿಂದ ಮಳೆ ಕೈಕೊಟ್ಟು ಘೋರವಾದ ಬರ ತಾಂಡವವಾಡುತ್ತಿದ್ದ ಸಮಯ. ಆಟದ ಬಯಲೆಂದು ತೋರಿಸಿದ ಜಾಗದಲ್ಲಿ ಹಸಿರು ಹುಲ್ಲೆಂಬುದು ಹೆಸರಿಗೂ ಇರಲಿಲ್ಲ. ಇದ್ದುದು ಕಲ್ಲು, ಧೂಳು, ಅಂಗೈಗೂ ಮೊಣಕಾಲಿಗೂ ನಾಟಿಕೊಳ್ಳುವ ನೆಗ್ಗಿಲಿನಂತಹ ಮುಳ್ಳು. ಹುಡುಗರ ವಾಸಕ್ಕೆ ಗಾರೆ ನೆಲದ ಮೇಲೆ ತಗಡು ಹೊದಿಸಿದ ಗುಡಿಸಲುಗಳು; ಹಗಲೆಲ್ಲ ಕಾದ ತಗಡು ಇರುಳಿನಲ್ಲೂ ಮೈಯನ್ನು ಬೇಯಿಸುತ್ತಿತ್ತು. ಸೂರ್ಯೋದಯಕ್ಕೆ ಮುನ್ನವೇ ಸೀಟಿಯ ಸದ್ದಿಗೆ ಎದ್ದು ಅಭ್ಯಾಸಕ್ಕಿಳಿಯಬೇಕು. ಬಿಸಿಲಿನ ತಾಪ 38 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದಾಗಲೂ ಒಬ್ಬರನ್ನೊಬ್ಬರು ಢಿಕ್ಕಿ ಹೊಡೆದು ಕೆಡಹಬೇಕು. ರಾತ್ರಿ ಆಟದ ಪಾಠ ಕೇಳಬೇಕು. ಅಭ್ಯಾಸದ ನಡುವೆ ಒಂದು ಗುಟುಕು ನೀರೂ ಇಲ್ಲ. ನೀರು ಕುಡಿದವನು ಮೆತ್ತಗಾಗುವನೆಂಬುದು ಆ ಕಾಲದ ಕೋಚುಗಳಲ್ಲಿ ಬಹುಮಂದಿಯ ನಂಬಿಕೆಯಾಗಿತ್ತೆಂಬುದನ್ನು ಬ್ರಯಂಟನ ಪರವಾಗಿ ಹೇಳಬೇಕಾದುದು ನ್ಯಾಯ. ಆದರೆ ಆ ನಂಬಿಕೆಯ ಬೆಲೆಯನ್ನು ತೆತ್ತವರು ಹತ್ತೊಂಬತ್ತು ಇಪ್ಪತ್ತರ ಹುಡುಗರು. ಅವರಲ್ಲೊಬ್ಬ ಬಿಸಿಲ ಬೇಗೆಗೆ ಬಯಲಿನಲ್ಲಿಯೇ ಕುಸಿದುಬಿದ್ದು, ಪ್ರಾಣಾಪಾಯದ ಅಂಚಿನಿಂದ ಹಿಂದಿರುಗಿದ.

ಹೋಗುವವರು ಹೆಚ್ಚಾಗಿ ಹೋದದ್ದು ಕತ್ತಲೆಯಲ್ಲಿ. ಕೋಚನ ಮುಂದೆ ನಿಂತು ಹೇಳಿಹೋಗುವ ಧೈರ್ಯವಿದ್ದವರು ಕೆಲವರು. ಉಳಿದವರು ಮಗ್ಗುಲ ಮಂಚದ ಗೆಳೆಯನಿಗೂ ಎಚ್ಚರವಾಗದಂತೆ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು, ಊರಿನ ಬಸ್ ನಿಲ್ದಾಣದ ದಾರಿ ಹಿಡಿದರು, ಇಲ್ಲವೆ ಹೆದ್ದಾರಿಯ ಬದಿಯಲ್ಲಿ ನಿಂತು ಬರುವ ವಾಹನಗಳಿಗೆ ಕೈತೋರಿದರು. ಬೆಳಗಾದಾಗ ಒಂದೊಂದು ಗುಡಿಸಲಿನಲ್ಲೂ ಬರಿದಾದ ಮಂಚಗಳು ಕಾಣಿಸುತ್ತಿದ್ದುವು. ಈ ಚಿತ್ರವನ್ನು ಮನಸ್ಸಿಗೆ ತಂದುಕೊಂಡಾಗಲೆಲ್ಲ ನನ್ನ ಅಂತಃಕರಣ ಆ ಪೆಟ್ಟಿಗೆ ಹೊತ್ತ ಹುಡುಗನ ಕಡೆಗೇ ಹರಿಯುತ್ತದೆ. ತನ್ನ ಊರಿನ ಶಾಲೆಯಲ್ಲಿ ಹೆಸರು ಗಳಿಸಿದ್ದುದಕ್ಕಾಗಿಯೇ ಅವನನ್ನು ಈ ಕಾಲೇಜು ಕರೆಸಿಕೊಂಡಿತ್ತಲ್ಲವೆ? ಅವನು ಮನೆಗೆ ಮರಳಿ ಜಗಲಿಯ ಮೇಲೆ ಕುಳಿತ ತಂದೆಗೆ ಏನೆಂದು ಹೇಳಿದನೋ!

ಆ ವರ್ಷ ತಂಡ ಆಡಿದ ಹತ್ತು ಪಂದ್ಯಗಳಲ್ಲಿ ಒಂಬತ್ತನ್ನು ಸೋತಿತು. ಬ್ರಯಂಟನ ದೀರ್ಘವಾದ ವೃತ್ತಿಜೀವನದಲ್ಲಿ ಗೆಲವಿಗಿಂತ ಸೋಲು ಹೆಚ್ಚಾದ ವರ್ಷ ಅದೊಂದೇ. ಎರಡು ವರ್ಷಗಳ ಮೇಲೆ, 1956ರಲ್ಲಿ, ಅದೇ ಕಾಲೇಜು ಒಂದು ಪಂದ್ಯವನ್ನೂ ಸೋಲದೆ ಸೌತ್‌ವೆಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜು ಒಕ್ಕೂಟದ ಪ್ರಶಸ್ತಿಯನ್ನು ಪಡೆಯಿತು. ಜಂಕ್ಷನ್ನಿನಲ್ಲಿ ಉಳಿದ ಜ್ಯಾಕ್ ಪಾರ್ಡೀ, ಜೀನ್ ಸ್ಟಾಲಿಂಗ್ಸ್ ಮುಂತಾದವರು ಆ ತಂಡದಲ್ಲಿದ್ದರು. ಇದರಿಂದಾಗಿ, ಆ ಬೆಂಕಿಯಲ್ಲಿ ಪುಟವಿಟ್ಟುದರಿಂದಲೇ ಚಿನ್ನ ಹೊಳೆಯಿತೆಂಬ ಮಾತು ಹುಟ್ಟಿ ಬೇರೂರಿತು. ನಾನು ಇದನ್ನು ಒಪ್ಪಲಾರೆ. ಅಂದಿನ ನಿಯಮದಂತೆ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲವಾದ್ದರಿಂದ 1954ರಲ್ಲಿ ಹೊಸದಾಗಿ ಸೇರಿದವರಾರೂ ಆ ಶಿಬಿರಕ್ಕೆ ಹೋಗಲೇ ಇಲ್ಲ. ಮುಂದೆ 1957ರಲ್ಲಿ, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್ಮನ್ ಪಾರಿತೋಷಕವನ್ನು ಪಡೆದ ಜಾನ್ ಡೇವಿಡ್ ಕ್ರೋ ಹಾಗೆ ಹೊಸದಾಗಿ ಸೇರಿದವರಲ್ಲೊಬ್ಬ. ಅಷ್ಟೇ ಅಲ್ಲ, ಆಟಗಾರರನ್ನು ಸೆಳೆಯುವುದರಲ್ಲಿ ನಿಯಮಗಳನ್ನು ಮೀರಿದುದಕ್ಕಾಗಿ ಕಾಲೇಜು ದಂಡನೆಗೆ ಗುರಿಯಾಗಿದ್ದುದರಿಂದ 1956ರ ಆ ಅಜೇಯ ತಂಡಕ್ಕೆ ಋತುವಿನ ಕೊನೆಯ ಬೌಲ್ ಪಂದ್ಯಕ್ಕೆ ಹೋಗಲಾಗಲಿಲ್ಲ. ಗೆಲವಿನ ಬಹುಪಾಲು, ಜೊಳ್ಳನ್ನು ತೂರಿದುದರಿಂದಲ್ಲ, ಹೊಸ ಕಾಳನ್ನು ತಂದು ಸುರಿದುದರಿಂದ ಬಂದುದು.

1979ರಲ್ಲಿ ಅಂದು ಉಳಿದವರು ಜಂಕ್ಷನ್ನಿನಲ್ಲಿ ಮತ್ತೆ ಕಲೆತರು. ಆ ವೇಳೆಗೆ ಅಲಬಾಮದಲ್ಲಿ ಅನೇಕ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿದ್ದ ಬ್ರಯಂಟ್, 1983ರಲ್ಲಿ ತೀರಿಕೊಂಡಾಗ, ಆತನ ಮೈಮೇಲಿದ್ದ ಆಭರಣ ‘ಜಂಕ್ಷನ್ ಬಾಯ್ಸ್’ ಎಂದು ಕೆತ್ತಿದ ಚಿನ್ನದ ಉಂಗುರವೊಂದೇ. ಆತನಿಗೆ ಆ ಹುಡುಗರ ಮೇಲಿದ್ದ ಪ್ರೀತಿ ನಿಜವಾದದ್ದೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಬರುವ ಹೋಗುವ ಸ್ವಾತಂತ್ರ್ಯ ಈ ಆಟದಲ್ಲಿ ಯಾವ ಕಾಲಕ್ಕೆ ಯಾರ ಕೈಯಲ್ಲಿತ್ತೆಂಬುದನ್ನು ಹುಡುಕುತ್ತ ಹಿಂದಕ್ಕೆ ಹೋದರೆ ವಿಚಿತ್ರವಾದ ಸಂಗತಿಗಳು ಕಾಣುತ್ತವೆ. 1896ರಲ್ಲಿ ಪಶ್ಚಿಮ ವರ್ಜೀನಿಯದಲ್ಲಿ ನ್ಯಾಯಶಾಸ್ತ್ರ ಓದುತ್ತಿದ್ದ ಫೀಲ್ಡಿಂಗ್ ಯೋಸ್ಟ್, ಋತುವಿನ ನಡುವೆಯೇ ಲಾಫಯೆಟ್ ಕಾಲೇಜಿಗೆ ಸೇರಿ, ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಮೇಲೆ ಆಡಿ, 6-4ರಿಂದ ಗೆದ್ದು, ಬಳಿಕ ತನ್ನ ಹಳೆಯ ವಿದ್ಯಾಲಯಕ್ಕೇ ಮರಳಿದ. ಅಂತಹ ಅಲೆಮಾರಿತನವನ್ನು ತಡೆಯಲೆಂದು ಕಾಲೇಜು ಬದಲಿಸಿದವನು ಒಂದು ವರ್ಷ ಆಡದೆ ಕೂರಬೇಕೆಂಬ ಕಟ್ಟಳೆ ಕಾಲಕ್ರಮದಲ್ಲಿ ಬಲವಾಯಿತು. ಆದರೆ ಕೋಚುಗಳಿಗೆ ಇಂತಹ ಕಟ್ಟಳೆ ಯಾವುದೂ ಇರಲಿಲ್ಲ. 1957ರ ಋತು ಮುಗಿದೊಡನೆ ಬ್ರಯಂಟ್ ಅಲಬಾಮಕ್ಕೆ ಹೊರಟಾಗ ಆತನನ್ನು ಯಾರೂ ವರ್ಷಕಾಲ ಕೂರಿಸಲಿಲ್ಲ.

1956ರಲ್ಲಿ ಎನ್‌ಸಿಎಎ ಎಂಬ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘ ಆಟದ ಯೋಗ್ಯತೆಯ ಮೇಲೆಯೇ ವಿದ್ಯಾರ್ಥಿವೇತನ ಕೊಡಲು ಸಮ್ಮತಿಸಿತು. 1967ರಲ್ಲಿ, ತಾನಾಗಿ ತಂಡ ಬಿಟ್ಟವನ ವೇತನವನ್ನು ನಿಲ್ಲಿಸಬಹುದೆಂದಾಯಿತು. ‘ತಾನಾಗಿ’ ಎಂಬ ಆ ಶಬ್ದವನ್ನು ಓದುವಾಗ ಜಂಕ್ಷನ್ನಿನ ಬಸ್ ನಿಲ್ದಾಣ ನನ್ನ ಕಣ್ಣಮುಂದೆ ಬರುತ್ತದೆ. ಹುಡುಗನನ್ನು ಬಿಡುವಂತೆ ಮಾಡಬಲ್ಲ ಕೋಚನಿಗೆ ಅವನನ್ನು ತೆಗೆದುಹಾಕುವ ಅಗತ್ಯವೇನಿದೆ? 1973ರಲ್ಲಿ ವೇತನವನ್ನು ಒಂದೊಂದೇ ವರ್ಷಕ್ಕೆ ಕೊಡತಕ್ಕದ್ದೆಂದು ವಿಧಿಸಿದ ಮೇಲೆ ಆ ಉಪಾಯವೂ ಬೇಡವಾಯಿತು. ಅದೇ ವರ್ಷ ಪಿಟ್ಸ್‌ಬರ್ಗಿಗೆ ಬಂದ ಕೋಚ್ ಜಾನಿ ಮೇಜರ್ಸ್ ಒಂದೇ ಸಲಕ್ಕೆ 70ಕ್ಕೂ ಹೆಚ್ಚು ಹೊಸ ಹುಡುಗರನ್ನು ತಂದು, 1976ರಲ್ಲಿ ರಾಷ್ಟ್ರದ ಪ್ರಶಸ್ತಿಯನ್ನೇ ಗೆದ್ದ. ಅಂತಹ ಸುಗ್ಗಿಗೆ ತಡೆಯಾಗಿ ಒಂದು ತಂಡಕ್ಕೆ ಸಲ್ಲುವ ವೇತನಗಳ ಒಟ್ಟು ಸಂಖ್ಯೆ 105ಕ್ಕೆ, ಮುಂದೆ 95ಕ್ಕೆ, 1990ರ ದಶಕದಲ್ಲಿ 85ಕ್ಕೆ ಇಳಿಯಿತು. ಇಲ್ಲೊಂದು ಸರಳವಾದ ಗಣಿತವಿತ್ತು. ವರ್ಷಕ್ಕೆ 25 ಮಂದಿಯಂತೆ ನಾಲ್ಕು ವರ್ಷ ಸೇರಿಸಿಕೊಂಡರೆ ನೂರಾಗುತ್ತಿತ್ತು, ಸ್ಥಾನಗಳಿದ್ದುದು 85. ಮಿಕ್ಕ ಹದಿನೈದು ಮಂದಿ ಹೋಗಲೇಬೇಕಿತ್ತು. ಅವರು ಗಾಯಗೊಂಡೋ, ಅನುತ್ತೀರ್ಣರಾಗಿಯೋ, ಮನೆಯ ನೆನಪಿಗೋ ಹೋಗದಿದ್ದಲ್ಲಿ ಯಾರಾದರೂ ಅವರನ್ನು ಕಳುಹಿಸಬೇಕಿತ್ತು. 2009ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯ ಒಂದೇ ವರ್ಷ 37 ಹುಡುಗರಿಂದ ಸಹಿ ಪಡೆದಾಗ ಈ ಲೆಕ್ಕ ಎಲ್ಲರ ಕಣ್ಣಿಗೂ ಬಿದ್ದು, ಆ ಪ್ರಾಂತದ ಕಾನ್ಫರೆನ್ಸು ಒಂದು ಮಿತಿಯನ್ನು ಹಾಕಿತು.

ಹುಡುಗರ ಕೈಗೆ ಬಾಗಿಲಿನ ಅಗುಳಿ ಸಿಕ್ಕಿದುದು ತೀರ ಈಚೆಗೆ. 2018ರ ಅಕ್ಟೋಬರಿನಲ್ಲಿ, ಕಾಲೇಜು ಬದಲಿಸಬಯಸುವವರು ಹೆಸರು ದಾಖಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ಆರಂಭವಾಗಿ, ಬೇರೆ ಕಾಲೇಜಿನೊಡನೆ ಮಾತನಾಡಲು ಕೋಚನ ಅಪ್ಪಣೆ ಬೇಡವಾಯಿತು. 2021ರಲ್ಲಿ ಒಂದು ಬಾರಿ, 2024ರಲ್ಲಿ ಎಷ್ಟು ಬಾರಿಯಾದರೂ, ಓದಿನಲ್ಲಿ ಹಿಂದೆ ಬೀಳದವನು ವರ್ಷ ಕಳೆದುಕೊಳ್ಳದೆ ಹೋಗಬಹುದೆಂದಾಯಿತು. ಅದೇ ಬಾಗಿಲು ಕೋಚುಗಳಿಗೂ ಒದಗಿತು: 2022ರ ಡಿಸೆಂಬರಿನಲ್ಲಿ ಕೊಲರಾಡೊಗೆ ಬಂದ ಡಿಯಾನ್ ಸ್ಯಾಂಡರ್ಸ್ ಮೊದಲ ಸಭೆಯಲ್ಲಿಯೇ ಆಟಗಾರರಿಗೆ ಪೋರ್ಟಲಿನ ದಾರಿ ತೋರಿಸಿದ, ಕೆಲವೇ ತಿಂಗಳುಗಳಲ್ಲಿ 50ಕ್ಕೂ ಹೆಚ್ಚು ಮಂದಿ ಹೊರಟುಹೋದರು.

2025ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಸಂಯುಕ್ತ ನ್ಯಾಯಾಲಯದ ನ್ಯಾಯಾಧೀಶೆ ಕ್ಲಾಡಿಯ ವಿಲ್ಕನ್, ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಲು ಅವಕಾಶವೀಯುವ ದೊಡ್ಡದೊಂದು ಒಪ್ಪಂದಕ್ಕೆ ಅನುಮೋದನೆ ನೀಡಿದರು. ಆ ಒಪ್ಪಂದ ಫುಟ್ಬಾಲ್ ತಂಡವನ್ನು 105 ಮಂದಿಗೆ ಸೀಮಿತಗೊಳಿಸಿದ್ದುದರಿಂದ, ಅದು ಜಾರಿಗೆ ಬರುವ ಮುನ್ನವೇ ಅನೇಕ ಹುಡುಗರನ್ನು ಕಾಲೇಜುಗಳು ತಂಡದಿಂದ ಬಿಟ್ಟಿದ್ದುವು. ಇವರಿಗೆ ಪರಿಹಾರದ ದಾರಿ ಕಾಣಿಸುವವರೆಗೆ ನ್ಯಾಯಾಧೀಶೆ ಸಮ್ಮತಿಯನ್ನು ತಡೆಹಿಡಿದಿದ್ದರು. ಕೊನೆಗೆ, ಹಾಗೆ ಸ್ಥಾನ ಕಳೆದುಕೊಂಡವರ ಪಟ್ಟಿಯನ್ನು ಆಯಾ ಕಾಲೇಜುಗಳೇ ಸಿದ್ಧಪಡಿಸಿ ಒಪ್ಪಿಸಬೇಕೆಂದೂ, ಪಟ್ಟಿಯಲ್ಲಿರುವವನು ಹಿಂದಿನ ತಂಡದಲ್ಲಾಗಲಿ ಬೇರೊಂದು ತಂಡದಲ್ಲಾಗಲಿ ಮಿತಿಯ ಲೆಕ್ಕಕ್ಕೆ ಬಾರದೆ ಆಡಬಹುದೆಂದೂ ಗೊತ್ತಾಯಿತು. ಜಂಕ್ಷನ್ನಿನಿಂದ ಹೊರಟುಹೋದ ಅರುವತ್ತಕ್ಕೂ ಮಿಕ್ಕ ಹುಡುಗರ ಪಟ್ಟಿಯನ್ನು ಬ್ರಯಂಟನಿಂದ ಯಾವ ನ್ಯಾಯಾಲಯವೂ ಕೇಳಿರಲಿಲ್ಲ.