ಔಷಧಿ ಡಬ್ಬಿ ಮೇಲಿನ ಬಣ್ಣದ ತ್ರಿಕೋನ ಏನು ಹೇಳುತ್ತೆ? ತೋಟದವರು, ಅಂಗಡಿಯವರು ತಿಳಿದಿರಬೇಕಾದ ನಿಯಮ

ಸಂಸೆ: ಮುಂಗಾರು ಹತ್ತಿರ ಬಂತು ಅಂದ್ರೆ ಸಂಸೆ, ಕಳಸ, ಹೊರನಾಡು ಕಡೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಓಡಾಟ ಶುರುವಾಗುತ್ತೆ. ಕಾಫಿ ತೋಟದಲ್ಲಿ ಕಳೆಗೆ ಒಂದು, ಕಾಂಡಕೊರಕಕ್ಕೆ ಇನ್ನೊಂದು. ಕೀಟನಾಶಕ, ಶಿಲೀಂಧ್ರನಾಶಕ, ಕಳೆನಾಶಕ ಎಲ್ಲಕ್ಕೂ ನಮ್ಮ ಕಡೆ ಇರೋದು ಒಂದೇ ಹೆಸರು, ‘ಔಷಧಿ’. ಗಿಡಕ್ಕೆ ಅದು ಔಷಧಿ ಇರಬಹುದು, ಹೊಟ್ಟೆಗೆ ಹೋದರೆ ವಿಷ. ಎಷ್ಟು ವಿಷ ಅನ್ನೋದನ್ನ ಓದು ಬರದವರಿಗೂ ತಿಳಿಸೋಕೆ ಅಂತ ಪ್ರತಿ ಡಬ್ಬಿ ಮೇಲೆ ಬಣ್ಣದ ಗುರುತು ಇರಲೇಬೇಕು ಎಂದು ಕಾನೂನೇ ಹೇಳುತ್ತೆ.

ಆ ಕಾನೂನು ಬಂದಿದ್ದರ ಹಿಂದೆ ಒಂದು ದುರಂತ ಇದೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿ ಹಿಟ್ಟು ತಿಂದು 100ಕ್ಕೂ ಹೆಚ್ಚು ಜನ ಸತ್ತರು. ಆಹಾರ ಮತ್ತು ವಿಷ ಎರಡನ್ನೂ ಒಟ್ಟಿಗೆ ಸಾಗಿಸಿದ್ದೇ ಕಾರಣ. ಆಮೇಲೆ 1968ರ ಕೀಟನಾಶಕ ಕಾಯ್ದೆ, 1971ರ ಕೀಟನಾಶಕ ನಿಯಮಗಳು ಬಂದವು. ಲೇಬಲ್ ಹೇಗಿರಬೇಕು ಅನ್ನೋದು ಈ ನಿಯಮಗಳ 19ನೇ ನಿಯಮದಲ್ಲಿದೆ.

ಡಬ್ಬಿ ಮೇಲೆ ವಜ್ರದ ಆಕಾರದ ಒಂದು ಚೌಕ ಇರುತ್ತೆ. ಅದನ್ನ ಅಡ್ಡಕ್ಕೆ ಎರಡು ತ್ರಿಕೋನ ಮಾಡಿರ್ತಾರೆ. ಕೆಳಗಿನ ತ್ರಿಕೋನದಲ್ಲಿ ಬಣ್ಣ, ಮೇಲಿನದರಲ್ಲಿ ಎಚ್ಚರಿಕೆ ಮಾತು. ಕೆಂಪು ಇದ್ದರೆ ಅತಿ ತೀವ್ರ ವಿಷ. ಮೇಲೆ ತಲೆಬುರುಡೆ, ಮೂಳೆಯ ಚಿತ್ರ, ಕೆಂಪು ಅಕ್ಷರದಲ್ಲಿ ‘ಪಾಯ್ಸನ್’ ಅಂತ ಇರುತ್ತೆ. ಹಳದಿ ಇದ್ದರೆ ಹೆಚ್ಚು ವಿಷ. ಇದಕ್ಕೂ ‘ಪಾಯ್ಸನ್’ ಅಂತಲೇ ಬರೆದಿರಬೇಕು, ಆದರೆ ಬುರುಡೆ ಇರಲ್ಲ. ನೀಲಿಗೆ ‘ಡೇಂಜರ್’, ಅದು ಮಧ್ಯಮ. ಹಸಿರಿಗೆ ‘ಕಾಷನ್’, ಅಂದರೆ ಎಚ್ಚರಿಕೆ.

ಹಸಿರು ತ್ರಿಕೋನ ನೋಡಿ ಇದು ಸಾವಯವ, ಏನೂ ಆಗಲ್ಲ ಅಂದ್ಕೊಳ್ಳೋರು ಇದ್ದಾರೆ. ಬಿಸ್ಕತ್ ಪೊಟ್ಟಣದ ಮೇಲಿನ ಹಸಿರು ಚುಕ್ಕಿಗೂ ಇದಕ್ಕೂ ಸಂಬಂಧವೇ ಇಲ್ಲ. ಹಸಿರೂ ವಿಷವೇ, ಉಳಿದ ಮೂರಕ್ಕಿಂತ ಕಡಿಮೆ ಅಷ್ಟೆ.

ಬಣ್ಣ ಕೊಡೋದು ಪ್ರಾಣಿಗಳ ಮೇಲೆ ಮಾಡಿದ ಪರೀಕ್ಷೆಯ ಲೆಕ್ಕದ ಮೇಲೆ. ಪರೀಕ್ಷೆಗೆ ಇಟ್ಟ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯೋಕೆ ದೇಹದ ತೂಕದ ಪ್ರತಿ ಕೆ.ಜಿ.ಗೆ 1ರಿಂದ 50 ಮಿಲಿಗ್ರಾಂ ವಿಷ ಬಾಯಿಂದ ಹೋದರೆ ಸಾಕು ಅಂತಾದರೆ ಕೆಂಪು. 51ರಿಂದ 500 ಆದರೆ ಹಳದಿ, 501ರಿಂದ 5000 ನೀಲಿ, ಅದಕ್ಕಿಂತ ಮೇಲೆ ಹಸಿರು. ಇಲಿಯ ಲೆಕ್ಕವನ್ನ ಮನುಷ್ಯನಿಗೆ ಹಾಗೇ ಹಾಕೋಕೆ ಬರಲ್ಲ. ಆದರೂ ಅಂದಾಜಿಗೆ ನೋಡಿ: 50 ಕೆ.ಜಿ. ತೂಕದ ಮನುಷ್ಯನಿಗೆ 50 ಮಿಲಿಗ್ರಾಂ ಲೆಕ್ಕದಲ್ಲಿ ಎರಡೂವರೆ ಗ್ರಾಂ ಆಯ್ತು. ಒಂದು ಟೀ ಚಮಚವೂ ತುಂಬಲ್ಲ. ಮಕ್ಕಳಿಗೆ ಇನ್ನೂ ಕಡಿಮೆ ಸಾಕು.

ಈ ಬಣ್ಣಕ್ಕೆ ಒಂದು ಮಿತಿಯೂ ಇದೆ. ಒಂದೇ ಸಲ ಮೈಗೆ ಸೇರಿದರೆ ಎಷ್ಟು ಅಪಾಯ ಅನ್ನೋದನ್ನ ಮಾತ್ರ ಅದು ಹೇಳುತ್ತೆ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಉಸಿರಲ್ಲಿ, ಚರ್ಮದಲ್ಲಿ ಹೋದರೆ ಏನಾಗುತ್ತೆ ಅಂತ ಹೇಳಲ್ಲ. ಹಾಗೇ ಹಳದಿ ಅಂದ ಮಾತ್ರಕ್ಕೆ ಬದುಕಿಸಬಹುದು ಅಂತಲೂ ಅಲ್ಲ. ಪ್ಯಾರಾಕ್ವಾಟ್ ಕಳೆನಾಶಕ ಹಳದಿ ಗುಂಪಿನದ್ದು. ಒಂದು ಗುಟುಕು ಒಳಗೆ ಹೋದರೂ ಜೀವ ಉಳಿಸೋದು ಕಷ್ಟ, ಅದಕ್ಕೆ ಪ್ರತಿವಿಷವೇ ಇಲ್ಲ.

ಅಪಾಯ ಇರೋದು ಕ್ವಾರ್ಟರ್ ಬಾಟಲಿಯಲ್ಲಿ

ಒಂದು ಲೀಟರ್ ತಂದು ನಾಲ್ಕು ಮನೆಯವರು ಹಂಚ್ಕೊಳ್ಳೋದು, ಉಳಿದದ್ದನ್ನ ಖಾಲಿ ನೀರಿನ ಬಾಟಲಿಗೋ ಬ್ರಾಂದಿ ಬಾಟಲಿಗೋ ಹಾಕಿ ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸೋದು ಹಳ್ಳಿಗಳಲ್ಲಿ ಹೊಸದೇನಲ್ಲ. ಆ ಕ್ಷಣಕ್ಕೆ ಲೇಬಲ್ ಹೋಯ್ತು, ಬಣ್ಣ ಹೋಯ್ತು. ಕತ್ತಲಲ್ಲಿ ಕೈ ಹಾಕಿದವರಿಗೆ ಅದು ಬ್ರಾಂದಿಯೋ ವಿಷವೋ ಗೊತ್ತಾಗಲ್ಲ.

ವಿಷ ಹೊಟ್ಟೆಗೆ ಹೋದ ಮೇಲೂ ಲೇಬಲ್ ಬೇಕು. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫರಸ್ ಗುಂಪಿನ ವಿಷಕ್ಕೆ ಡಾಕ್ಟರು ಅಟ್ರೋಪಿನ್ ಕೊಡ್ತಾರೆ. ಬೇರೆ ಗುಂಪಿನದಕ್ಕೆ ಚಿಕಿತ್ಸೆಯೇ ಬೇರೆ. ಪ್ರತಿವಿಷ ಯಾವುದು ಅಂತ ಲೇಬಲ್ ಮೇಲೆ ಬರೆದಿರಬೇಕು ಅನ್ನೋದೂ ನಿಯಮ. ಬಾಟಲಿ ಬದಲಾಗಿದ್ದರೆ ಡಾಕ್ಟರು ಊಹೆ ಮೇಲೆ ಹೋಗಬೇಕು. ಸಂಸೆಯಿಂದ ದೊಡ್ಡ ಆಸ್ಪತ್ರೆ ಅಂದ್ರೆ ಘಾಟಿ ಇಳಿಯಬೇಕು, ಇಲ್ಲಾ ಚಿಕ್ಕಮಗಳೂರಿಗೆ ಹೋಗಬೇಕು. ದಾರಿಯಲ್ಲೇ ಗಂಟೆಗಳು ಹೋಗುವ ಕಡೆ ಊಹೆಗೆ ಸಮಯ ಎಲ್ಲಿದೆ? ಹಾಗಾಗಿ ರೋಗಿ ಜೊತೆ ಡಬ್ಬಿಯನ್ನೂ ಗಾಡಿಗೆ ಹಾಕ್ಕೊಂಡು ಹೋಗಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗಬಾರದು. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಬಿಚ್ಚಿ ಸೋಪು ಹಾಕಿ ತೊಳೆಯಬೇಕು. ಆಂಬುಲೆನ್ಸ್‌ಗೆ 108. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800 116 117.

ಅಂಗಡಿಯವರಿಗೆ

ಲೈಸೆನ್ಸ್ ಇಲ್ಲದೆ ಮಾರುವಂತಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಮರೆಯೋದು 10ಎ ನಿಯಮವನ್ನ. ಜನ ಅಥವಾ ದನ ತಿನ್ನುವ ವಸ್ತು ಇಟ್ಟ ಕಟ್ಟಡದಲ್ಲೇ ಕೀಟನಾಶಕ ಇಡುವಂತಿಲ್ಲ, ಮಾರುವಂತಿಲ್ಲ. ಅಕ್ಕಿ, ಹಿಂಡಿ, ಬೂಸಾ ಮೂಟೆ ಪಕ್ಕದ ರ‍್ಯಾಕಲ್ಲಿ ಕಳೆನಾಶಕ ಇಟ್ಟರೆ ತಪ್ಪು. ಸೊಳ್ಳೆ, ಜಿರಲೆಗೆ ಬಳಸುವ ನೋಂದಾಯಿತ ಮನೆಬಳಕೆ ಪ್ಯಾಕ್‌ಗಳಿಗೆ ಮಾತ್ರ ವಿನಾಯಿತಿ.

ಲೇಬಲ್ ಮೇಲಿನ ಬರಹ ತಿದ್ದೋದು, ಅಳಿಸೋದು ಕೂಡ ನಿಷಿದ್ಧ. ಲೇಬಲ್‌ನಲ್ಲಿ ತಯಾರಕರ ಹೆಸರು, ನೋಂದಣಿ ಸಂಖ್ಯೆ, ರಾಸಾಯನಿಕದ ಹೆಸರು ಮತ್ತು ಪ್ರಮಾಣ, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ಇರಬೇಕು. ಬೇಕಾದ ಎಚ್ಚರಿಕೆ ಇಲ್ಲದ ಡಬ್ಬಿ ಕಾನೂನಿನ ಲೆಕ್ಕದಲ್ಲಿ ‘ಮಿಸ್‌ಬ್ರಾಂಡೆಡ್’, ಅದನ್ನ ಮಾರೋದು ಅಪರಾಧ. ಒಳಗೆ ಹಿಂದಿ, ಇಂಗ್ಲಿಷ್ ಜೊತೆಗೆ ಪ್ರಾದೇಶಿಕ ಭಾಷೆಯಲ್ಲಿ ಮುದ್ರಿಸಿದ ಚೀಟಿ ಇರಬೇಕು. ಆ ಚೀಟಿಯ ಅಕ್ಷರ ಓದೋಕೆ ಭೂತಗನ್ನಡಿ ಬೇಕು, ಅದು ಬೇರೆ ಮಾತು. ಹೊರರಾಜ್ಯದಿಂದ ಬಂದು ತೋಟದಲ್ಲಿ ಕೆಲಸ ಮಾಡುವವರಿಗೆ ಕನ್ನಡದ ಚೀಟಿಯೂ ಪ್ರಯೋಜನಕ್ಕೆ ಬರಲ್ಲ. ಅವರಿಗೆ ತ್ರಿಕೋನ ತೋರಿಸಿ ಬಾಯಲ್ಲೇ ಹೇಳಬೇಕು.

ಹಳೆ ದಾಸ್ತಾನಿನ ಕಡೆಗೂ ಗಮನ ಇರಲಿ. ‘ತಿಮೆಟ್ ಕಾಳು’ ಅಂತ ಕರೆಯುವ ಫೋರೇಟ್, ಡೈಕ್ಲೋರ್‌ವಾಸ್ ಎರಡೂ 2020ರ ಡಿಸೆಂಬರ್ 31ಕ್ಕೆ ನಿಷೇಧ ಆಗಿವೆ. ಎಂಡೋಸಲ್ಫಾನ್ 2011ರಲ್ಲೇ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತಿದೆ. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಲಿನ ಮನೆಗಳಲ್ಲಿ ಅದು ಮಾಡಿದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಹೊರದೇಶಗಳಲ್ಲಿ ಲೇಬಲ್ ನಿಯಮ ಇನ್ನೂ ಬಿಗಿ. ಯುರೋಪಿನಲ್ಲಿ ಮನೆಯಲ್ಲಿ ಸುಗಂಧದ ಮೇಣದಬತ್ತಿ ಮಾಡಿ ಮಾರುವವರೂ ಅದಕ್ಕೆ ಹಾಕಿದ ಸುಗಂಧದ ಎಣ್ಣೆಯಿಂದ ಅಲರ್ಜಿ ಆಗಬಹುದಾದರೆ ಬತ್ತಿಯ ಲೇಬಲ್‌ನಲ್ಲಿ ಹೇಳಬೇಕು. ನಮ್ಮಲ್ಲಿ ಬೋರ್ಡೋ ದ್ರಾವಣ ಸರಿಯಾಗಿದೆಯಾ ಅಂತ ಚಾಕು ಅದ್ದಿ, ಕೆಂಪು ಹಿಡಿಯಿತಾ ಅಂತ ನೋಡುವ ಅಡಿಕೆ ಬೆಳೆಗಾರರು, ಡಬ್ಬಿ ಮೇಲಿನ ಬಣ್ಣ ನೋಡದೇ ಮುಚ್ಚಳ ತೆಗೀತಾರೆ.

ಖಾಲಿ ಡಬ್ಬಿಯನ್ನ ಹಳ್ಳದಲ್ಲಿ ತೊಳೆದರೆ ಆ ನೀರು ಹೋಗೋದು ಭದ್ರೆಗೆ. ಡಬ್ಬಿಯನ್ನ ಒಡೆದು, ಮನೆಗಳಿಂದ ದೂರ ಹೂಳಬೇಕು ಅಂತ ನಿಯಮ ಇದೆ. ನೀರು, ಎಣ್ಣೆ ತುಂಬಿಡೋಕೆ ಮತ್ತೆ ಬಳಸುವಂತಿಲ್ಲ. ಔಷಧಿ ಕೊಂಡಾಗ ಬಿಲ್ ಕೊಡೋದು ಅಂಗಡಿಯವರ ಕರ್ತವ್ಯ. ಲೇಬಲ್ ಹರಿದ, ಅವಧಿ ಮುಗಿದ ಅಥವಾ ಬಿಡಿಯಾಗಿ ಸುರಿದು ಮಾರುವ ಔಷಧಿ ಕಂಡರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಆ ಬಿಲ್, ಬ್ಯಾಚ್ ನಂಬರ್ ಸಮೇತ ದೂರು ಕೊಡಬಹುದು. ಬಳಕೆ ಬಗ್ಗೆ ಕೇಳೋದಿದ್ದರೆ ಕಿಸಾನ್ ಕಾಲ್ ಸೆಂಟರ್ ನಂಬರ್ 1800 180 1551, ಕನ್ನಡದಲ್ಲೇ ಮಾತಾಡ್ತಾರೆ.