ಹಳೆಯ ಸೇನಾ ಲಾರಿಗಳಿಗೆ ಪವರ್ ಸ್ಟಿಯರಿಂಗ್

ಅಮೆರಿಕದ ಸೇನೆ 1950ರ ದಶಕದ ಆರಂಭದಿಂದ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನೆಚ್ಚಿಕೊಂಡಿದ್ದ ಎಂ35 ಲಾರಿಗೆ ಪವರ್ ಸ್ಟಿಯರಿಂಗ್ ಇರಲಿಲ್ಲ. ಸೇನೆಗೆ ಬೇಡವಾಗಿ ಹರಾಜಿನಲ್ಲೋ ಸರ್ಕಾರಿ ಹಂಚಿಕೆಯಲ್ಲೋ ಹೊರಬಂದು ಅಗ್ನಿಶಾಮಕ ದಳ, ಜಮೀನು, ಮರ ಕಡಿಯುವ ಕಾಡು ಮತ್ತು ಹವ್ಯಾಸಿಗಳ ಷೆಡ್ಡು ಸೇರಿದ ಮೇಲೆ ಈ ಲಾರಿಗಳಿಗೆ ಅದನ್ನು ಕೂಡಿಸುವುದು ಒಂದು ಸಣ್ಣ ಕಸುಬಾಗಿಯೇ ಬೆಳೆಯಿತು. ಪವರ್ ಸ್ಟಿಯರಿಂಗ್ ಮೊದಲು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು ಸೇನೆಯ ವಾಹನಗಳಲ್ಲೇ ಆದ್ದರಿಂದ ಈ ಕಸುಬಿನ ಚರಿತ್ರೆ ಕುತೂಹಲಕರವಾಗಿದೆ.

ಚಾಲಕನ ತೋಳಿನ ಬಲಕ್ಕೆ ಯಂತ್ರದ ಬಲವನ್ನು ಸೇರಿಸುವ ಯೋಚನೆ ಮೋಟಾರು ವಾಹನದಷ್ಟೇ ಹಳೆಯದು. 1903ರಲ್ಲಿ ಕೊಲಂಬಿಯಾ ಕಂಪನಿಯ 5 ಟನ್ ಲಾರಿಯೊಂದಕ್ಕೆ ಸ್ಟಿಯರಿಂಗ್ ತಿರುಗಿಸಲೆಂದೇ ವಿದ್ಯುತ್ ಮೋಟಾರು ಅಳವಡಿಸಲಾಗಿತ್ತು. ಎಣ್ಣೆಯ ಒತ್ತಡದಿಂದ ನಡೆಯುವ ಇಂದಿನ ಬಗೆಯ ವ್ಯವಸ್ಥೆಯನ್ನು ರೂಪಿಸಿದವನು ಫ್ರಾನ್ಸಿಸ್ ಡೇವಿಸ್. ಪಿಯರ್ಸ್-ಆ್ಯರೋ ಕಂಪನಿಯ ಲಾರಿ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದ ಅವನು ಭಾರಿ ವಾಹನ ತಿರುಗಿಸುವ ಕಷ್ಟವನ್ನು ಹತ್ತಿರದಿಂದ ಕಂಡಿದ್ದ. ಕೆಲಸ ಬಿಟ್ಟು ಮ್ಯಾಸಚೂಸೆಟ್ಸ್‌ನ ವಾಲ್ತಮ್‌ನಲ್ಲಿ ಸ್ವಂತ ಕಾರ್ಯಾಗಾರ ಹೂಡಿ, 1926ರಲ್ಲಿ ತನ್ನ ಕಾರನ್ನು ಡೆಟ್ರಾಯಿಟ್‌ಗೆ ಒಯ್ದು ಕಂಪನಿಗಳಿಗೆ ಪ್ರಾತ್ಯಕ್ಷಿಕೆ ಕೊಟ್ಟ. ಜನರಲ್ ಮೋಟಾರ್ಸ್ ಅವನೊಂದಿಗೆ ಒಪ್ಪಂದ ಮಾಡಿಕೊಂಡಿತಾದರೂ ಆರ್ಥಿಕ ಕುಸಿತದ ದಿನಗಳಲ್ಲಿ ವೆಚ್ಚ ಹೆಚ್ಚೆಂದು 1934ರಲ್ಲಿ ಕೈಬಿಟ್ಟಿತು.

ಎರಡನೆಯ ಮಹಾಯುದ್ಧ ಲೆಕ್ಕವನ್ನು ಬದಲಾಯಿಸಿತು. ಉಕ್ಕಿನ ಕವಚ ಹೊತ್ತ ಷೆವರ್ಲೆ ಶಸ್ತ್ರಸಜ್ಜಿತ ಕಾರುಗಳನ್ನು ಬರಿಗೈ ಬಲದಿಂದ ತಿರುಗಿಸುವುದು ಕಷ್ಟವಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಸೇನಾ ವಾಹನಗಳಿಗೆ ಡೇವಿಸ್‌ನ ವ್ಯವಸ್ಥೆ ಬಂದಿತ್ತು. ಅವನ ಪೇಟೆಂಟ್‌ಗಳ ಅವಧಿ ತೀರಿದ ಮೇಲೆ 1951ರಲ್ಲಿ ಕ್ರೈಸ್ಲರ್ ತನ್ನ ಇಂಪೀರಿಯಲ್ ಕಾರಿನಲ್ಲಿ ಪವರ್ ಸ್ಟಿಯರಿಂಗನ್ನು ಸಾರ್ವಜನಿಕರಿಗೆ ಮಾರತೊಡಗಿತು. ಮರುವರ್ಷ ಜನರಲ್ ಮೋಟಾರ್ಸ್ ಹಿಂಬಾಲಿಸಿತು.

ಇದೇ ಹೊತ್ತಿಗೆ ಸೇನೆಯ ಹೊಸ ಸಾಗಣೆ ಲಾರಿ ಸಿದ್ಧವಾಯಿತು. ಮಿಷಿಗನ್‌ನ ಲ್ಯಾನ್ಸಿಂಗ್‌ನಲ್ಲಿದ್ದ ರಿಯೋ ಕಂಪನಿ ವಿನ್ಯಾಸಗೊಳಿಸಿದ ಆರು ಚಕ್ರಚಾಲನೆಯ ಈ ಲಾರಿಯೇ ಎಂ35. ಮುಂದೆ ಸ್ಟುಡಿಬೇಕರ್, ಕೈಸರ್ ಜೀಪ್, ಎಎಂ ಜನರಲ್ ಕಂಪನಿಗಳೂ ಇದನ್ನು ತಯಾರಿಸಿದವು. ಕಾಡುಮೇಡಿನಲ್ಲಿ ಎರಡೂವರೆ ಟನ್, ಒಳ್ಳೆಯ ರಸ್ತೆಯಲ್ಲಿ ಐದು ಟನ್ ಹೊರಬಲ್ಲ ಲಾರಿಯಿದು. ಹೊರೆಯಿಲ್ಲದಾಗಲೇ ಇದರ ತೂಕ ಸುಮಾರು 5,900 ಕೆ.ಜಿ.; ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮುಂದಿನ ಎರಡು ಚಕ್ರಗಳ ಮೇಲೆಯೇ ಬೀಳುತ್ತದೆ. ಇಷ್ಟಿದ್ದರೂ ಸೇನೆ ಇದಕ್ಕೆ ಪವರ್ ಸ್ಟಿಯರಿಂಗ್ ಹಾಕಲಿಲ್ಲ. ಅದರಿಂದ ದೂರದ ಮುಂಚೂಣಿಯಲ್ಲಿ ರಿಪೇರಿ ಮಾಡಬೇಕಾದ ಭಾಗಗಳು ಕಡಿಮೆಯಾದವು. ಪಂಪಿಲ್ಲದ ಕಡೆ ಸೋರುವ ಎಣ್ಣೆಯಿಲ್ಲ, ಹರಿಯುವ ಬೆಲ್ಟಿಲ್ಲ. ಓಡಿಸುವವರು ತರಬೇತಿ ಪಡೆದ ಯುವಕ ಸೈನಿಕರು. ಇದಕ್ಕಿಂತ ಭಾರವಾದ 5 ಟನ್ ವರ್ಗದ ಲಾರಿಗಳಿಗೆ ಹೈಡ್ರಾಲಿಕ್ ನೆರವು ಸಿಕ್ಕಿತು.

ಎಂ35ರ ಸ್ಟಿಯರಿಂಗ್ ವ್ಯವಸ್ಥೆ ಪೂರ್ತಿ ಯಾಂತ್ರಿಕ. ಕಂಬದ ಕೆಳತುದಿಯಲ್ಲಿ ರಾಸ್ ಕಂಪನಿಯ ಕ್ಯಾಮ್-ಲೀವರ್ ಗೇರ್ ಬಾಕ್ಸ್ ಇರುತ್ತದೆ. ಸುರುಳಿ ತೋಡು ಕೊರೆದ ಕ್ಯಾಮ್ ತಿರುಗಿದಾಗ ಆ ತೋಡಿನಲ್ಲಿ ಕೂತ ಲೀವರಿನ ಮೊಳೆಗಳು ಸರಿದು ಪಿಟ್‌ಮನ್ ಆರ್ಮನ್ನು ಹೊರಳಿಸುತ್ತವೆ. ಪಿಟ್‌ಮನ್ ಆರ್ಮ್ ಡ್ರ್ಯಾಗ್ ಲಿಂಕನ್ನು ತಳ್ಳುತ್ತದೆ. ಡ್ರ್ಯಾಗ್ ಲಿಂಕ್ ಒಂದು ಬದಿಯ ಚಕ್ರವನ್ನು ತಿರುಗಿಸುತ್ತದೆ. ಟೈ ರಾಡ್ ಇನ್ನೊಂದು ಬದಿಯ ಚಕ್ರವನ್ನು ಜೊತೆಗೆ ಎಳೆದುಕೊಳ್ಳುತ್ತದೆ. ಲಾರಿ ಓಡುತ್ತಿರುವಾಗ ಇದು ಅಷ್ಟು ತ್ರಾಸವಲ್ಲ. ನಿಂತಲ್ಲೇ ಅಥವಾ ಆಮೆಗತಿಯಲ್ಲಿ ತಿರುಗಿಸುವಾಗ ಟೈರು ಉರುಳದೆ ನೆಲಕ್ಕೆ ಉಜ್ಜಿಕೊಂಡೇ ತಿರುಗಬೇಕು. ಆಗ ಚಾಲಕ ಸೀಟಿನಿಂದ ಅರ್ಧ ಎದ್ದು ಎರಡೂ ಕೈಯಿಂದ ಜಗ್ಗಬೇಕಾಗುತ್ತದೆ. ಇನ್ನೊಂದು ಅಪಾಯ ಎದುರೇಟಿನದು. ಮುಂದಿನ ಚಕ್ರ ಕಲ್ಲಿಗೋ ಗುಂಡಿಗೋ ಬಡಿದರೆ ಆ ಪೆಟ್ಟು ಹಿಮ್ಮುಖವಾಗಿ ಕೈಗೇ ಬರುತ್ತದೆ. ಹೆಬ್ಬೆರಳನ್ನು ಸ್ಟಿಯರಿಂಗ್ ಚಕ್ರದ ಒಳಗೆ ಸುತ್ತಿ ಹಿಡಿಯಬಾರದೆಂದು ಇಂಥ ಲಾರಿಗಳ ಚಾಲಕರಿಗೆ ಮೊದಲೇ ಹೇಳಿಕೊಡುವುದು ಇದೇ ಕಾರಣಕ್ಕೆ.

ಯುದ್ಧಕಾಲದ ಉಳಿಕೆಯನ್ನು ವಿಲೇವಾರಿ ಮಾಡಲು ಅಮೆರಿಕ 1944ರಲ್ಲಿ ಹೆಚ್ಚುವರಿ ಆಸ್ತಿ ಕಾಯ್ದೆ ತಂದಿತ್ತು. 1949ರ ಇನ್ನೊಂದು ಕಾಯ್ದೆ ಕೇಂದ್ರ ಸರ್ಕಾರದ ಆಸ್ತಿಯ ವಿಲೇವಾರಿಗೆ ಕಾಯಂ ಚೌಕಟ್ಟು ಕೊಟ್ಟಿತು. ಅದರ ಆಧಾರದ ಮೇಲೆ ಅರಣ್ಯ ಸೇವೆ 1956ರಿಂದ ಸೇನೆಯ ಹೆಚ್ಚುವರಿ ವಾಹನಗಳನ್ನು ರಾಜ್ಯಗಳ ಅರಣ್ಯ ಇಲಾಖೆಗಳಿಗೂ ಅವುಗಳ ಮೂಲಕ ಹಳ್ಳಿಗಾಡಿನ ಅಗ್ನಿಶಾಮಕ ದಳಗಳಿಗೂ ಎರವಲು ಕೊಡತೊಡಗಿತು. ಹೊಸ ವಾಹನ ಕೊಳ್ಳುವ ಶಕ್ತಿಯಿಲ್ಲದ ಊರುಗಳಿಗೆ ಆರೂ ಚಕ್ರ ಎಳೆಯುವ ಎಂ35 ದೊಡ್ಡ ವರವಾಯಿತು. ಸರಕು ಪೆಟ್ಟಿಗೆ ತೆಗೆದು ನೀರಿನ ಟ್ಯಾಂಕು, ಪಂಪು, ಮೆದುಗೊಳವೆ ಕೂರಿಸಿದರೆ ಕಾಳ್ಗಿಚ್ಚು ನಂದಿಸುವ ವಾಹನ ಸಿದ್ಧ. ಇಂಥ ರೂಪಾಂತರಕ್ಕೆ ನಕ್ಷೆ ಮತ್ತು ಮಾರ್ಗದರ್ಶನ ಒದಗಿಸಲು ಮಿಷಿಗನ್‌ನ ರಾಸ್ಕಾಮನ್‌ನಲ್ಲಿ 1972ರಲ್ಲಿ ಒಂದು ಸಲಕರಣಾ ಕೇಂದ್ರವೇ ಶುರುವಾಯಿತು. ಮಿಷಿಗನ್‌ನ ನೈಸರ್ಗಿಕ ಸಂಪನ್ಮೂಲ ಇಲಾಖೆ ಮತ್ತು ರಾಜ್ಯಗಳ ಅರಣ್ಯಾಧಿಕಾರಿಗಳ ರಾಷ್ಟ್ರೀಯ ಸಂಘ ಕೂಡಿ ಅದನ್ನು ನಡೆಸಿದವು.

ಹೊಸ ಕೆಲಸದಲ್ಲಿ ಸ್ಟಿಯರಿಂಗ್‌ನ ಕೊರತೆ ಎದ್ದು ಕಂಡಿತು. ಸಾವಿರ ಗ್ಯಾಲನ್ ನೀರೆಂದರೆ ಸುಮಾರು 3,800 ಕೆ.ಜಿ. ತೂಕ. ಮುಂದೆ ಗಿಡಗಂಟಿ ನೂಕುವ ಕಬ್ಬಿಣದ ಗಾರ್ಡು ಮತ್ತು ವಿಂಚ್ ಸೇರಿದರೆ ಮುಂದಿನ ಆಕ್ಸಲ್‌ಗೆ ಇನ್ನಷ್ಟು ಭಾರ. ಮರಳು ನೆಲದಲ್ಲಿ ಹೂಳದಿರಲೆಂದು ಅಗಲವಾದ ಟೈರು ಹಾಕಿದರೆ ತಿರುಗಿಸುವುದು ಮತ್ತೂ ಕಷ್ಟ. ಸೇನೆಯ ಲಾರಿ ಸಾಲಾಗಿ ರಸ್ತೆಯುದ್ದಕ್ಕೂ ಹೋಗುತ್ತಿತ್ತು. ಅಗ್ನಿಶಾಮಕ ಲಾರಿ ಹೊಗೆಯ ನಡುವೆ ಮರದಿಂದ ಮರಕ್ಕೆ ಹೊರಳುತ್ತ, ಹಿಂದೆ ಮುಂದೆ ಸರಿಯುತ್ತ ಗಂಟೆಗಟ್ಟಲೆ ದುಡಿಯಬೇಕು. ಓಡಿಸುವವರು ಎಲ್ಲ ವಯಸ್ಸಿನ ಸ್ವಯಂಸೇವಕರು.

ಪವರ್ ಸ್ಟಿಯರಿಂಗ್ ಕೂಡಿಸಲು ಮುಖ್ಯವಾಗಿ ನಾಲ್ಕು ದಾರಿಗಳು ರೂಢಿಗೆ ಬಂದವು. ಎಲ್ಲಕ್ಕೂ ಸುಲಭವಾದದ್ದು ಗಾಳಿಯ ನೆರವು. ಎಂ35ರ ಬ್ರೇಕು ಗಾಳಿ ಮತ್ತು ಎಣ್ಣೆ ಎರಡರಿಂದಲೂ ನಡೆಯುವುದರಿಂದ ಲಾರಿಯಲ್ಲಿ ಕಂಪ್ರೆಸರ್ ಮತ್ತು ಗಾಳಿಯ ಟ್ಯಾಂಕು ಮೊದಲೇ ಇರುತ್ತವೆ. ಏರ್-ಓ-ಮ್ಯಾಟಿಕ್ ಹೆಸರಿನ ಹಳೆಯ ವಾಣಿಜ್ಯ ಸಾಧನದಲ್ಲಿ ಒಂದು ಕವಾಟ ಮತ್ತು ಒಂದು ಗಾಳಿ ಸಿಲಿಂಡರ್ ಇರುತ್ತವೆ. ಚಾಲಕ ಯಾವ ಕಡೆ ತಿರುಗಿಸಲು ಹೊರಟನೆಂಬುದನ್ನು ಕವಾಟ ಗ್ರಹಿಸಿ, ಆ ಕಡೆಗೆ ನೂಕುವಂತೆ ಸಿಲಿಂಡರ್‌ಗೆ ಗಾಳಿ ಬಿಡುತ್ತದೆ. ಬೇರೆ ಪಂಪು ಬೇಕಿಲ್ಲ, ಎಂಜಿನ್ ಮುಟ್ಟಬೇಕಿಲ್ಲ. ಆದರೆ ಗಾಳಿಯ ಒತ್ತಡ ಕಡಿಮೆ. ಚದರ ಅಂಗುಲಕ್ಕೆ 100 ಪೌಂಡಿನ ಗಾಳಿಯಿಂದ ಸುಮಾರು 1,250 ಪೌಂಡು ಬಲ ಪಡೆಯಲು 4 ಅಂಗುಲ ವ್ಯಾಸದ ಸಿಲಿಂಡರ್ ಬೇಕು. 1,000 ಪೌಂಡು ಒತ್ತಡದ ಎಣ್ಣೆಗೆ ಒಂದೂಕಾಲು ಅಂಗುಲದ್ದೇ ಸಾಕು. ಗಾಳಿ ಕುಗ್ಗುವುದರಿಂದ ನೆರವು ಒಂದು ಕ್ಷಣ ತಡವಾಗಿ ಬರುತ್ತದೆ. ಮೇಲಾಗಿ ಬ್ರೇಕಿಗೆಂದು ಇಟ್ಟ ಗಾಳಿಯನ್ನೇ ಇದು ಬಳಸುತ್ತದೆ. ಒತ್ತಡ ಇಳಿದಾಗ ಸ್ಟಿಯರಿಂಗ್‌ನ ಪಾಲನ್ನು ತಾನಾಗಿ ಕಡಿದುಹಾಕುವ ರಕ್ಷಣಾ ಕವಾಟ ಇಲ್ಲದೆ ಇದನ್ನು ಜೋಡಿಸುವುದು ಅಪಾಯ.

ಎರಡನೆಯದು ಎಣ್ಣೆಯ ಸಿಲಿಂಡರ್. ಮೂಲ ಗೇರ್ ಬಾಕ್ಸನ್ನು ಹಾಗೇ ಉಳಿಸಿ, ಡ್ರ್ಯಾಗ್ ಲಿಂಕ್ ಅಥವಾ ಟೈ ರಾಡಿಗೆ ಪಕ್ಕದಿಂದ ಹೈಡ್ರಾಲಿಕ್ ಸಿಲಿಂಡರ್ ಕಟ್ಟುತ್ತಾರೆ. ಸೇನೆಯ 5 ಟನ್ ಲಾರಿಗಳು ಗುಜರಿಗೆ ಬಂದಾಗ ಅವುಗಳ ನೆರವು ಸಿಲಿಂಡರ್‌ಗಳು ಎಂ35ಕ್ಕೆ ಹೀಗೆ ಹೊಂದಿಕೊಂಡವು. ಮೂರನೆಯದು ಗೇರ್ ಬಾಕ್ಸನ್ನೇ ಬದಲಿಸುವುದು. ವಾಣಿಜ್ಯ ಲಾರಿಗಳಲ್ಲಿ ಬಳಕೆಯಲ್ಲಿರುವ ರಾಸ್ ಅಥವಾ ಷೆಪರ್ಡ್ ಕಂಪನಿಯ ಗೇರ್ ಬಾಕ್ಸಿನೊಳಗೇ ಪಿಸ್ಟನ್ ಮತ್ತು ಕವಾಟ ಇರುತ್ತವೆ. ಕೆಲಸ ಅಚ್ಚುಕಟ್ಟು, ಆದರೆ ಚಾಸಿಗೆ ಹೊಸ ಬ್ರಾಕೆಟ್, ಸರಿಯಾದ ಉದ್ದದ ಪಿಟ್‌ಮನ್ ಆರ್ಮ್, ಹೊಸ ಸ್ಟಿಯರಿಂಗ್ ಶಾಫ್ಟ್ ಬೇಕಾಗುತ್ತದೆ. ಎರಡನೆಯ ಮತ್ತು ಮೂರನೆಯ ದಾರಿಗಳೆರಡಕ್ಕೂ ಎಂಜಿನ್ನಿನಿಂದ ತಿರುಗುವ ಪಂಪು, ಎಣ್ಣೆಯ ಡಬ್ಬಿ ಮತ್ತು ಒತ್ತಡ ಮಿತಿ ಮೀರದಂತೆ ತಡೆಯುವ ಕವಾಟ ಬೇಕು. ಮೂಲ ಎಂಜಿನ್ನಿನಲ್ಲಿ ಆ ಪಂಪಿಗೆಂದು ಜಾಗ ಬಿಟ್ಟಿಲ್ಲವಾದ್ದರಿಂದ ಹೆಚ್ಚಿನ ಶ್ರಮ ಹಿಡಿಯುವುದು ಬ್ರಾಕೆಟ್ ಮತ್ತು ಪುಲ್ಲಿ ಹೊಂದಿಸುವುದರಲ್ಲೇ.

ನಾಲ್ಕನೆಯ ದಾರಿಯಲ್ಲಿ ಯಾಂತ್ರಿಕ ಕೊಂಡಿಯೇ ಇಲ್ಲ. ಟ್ರ್ಯಾಕ್ಟರ್ ಮತ್ತು ಲೋಡರ್‌ಗಳಲ್ಲಿರುವಂತೆ ಸ್ಟಿಯರಿಂಗ್ ಚಕ್ರ ಒಂದು ಅಳತೆ ಪಂಪನ್ನು ತಿರುಗಿಸುತ್ತದೆ. ಎಣ್ಣೆಯೇ ಗಾಲಿಗಳನ್ನು ತಿರುಗಿಸುತ್ತದೆ. ಜಮೀನಿನ ಕೆಲಸಕ್ಕೆ ಇದು ಸಲ್ಲುತ್ತದೆ. ಹೆದ್ದಾರಿಗೆ ಒಗ್ಗುವುದಿಲ್ಲ: ಒಂದು ಪೈಪು ಒಡೆದರೆ ಚಾಲಕನಿಗೂ ಚಕ್ರಕ್ಕೂ ಸಂಬಂಧವೇ ಕಡಿದುಹೋಗುತ್ತದೆ. ಉಳಿದ ಮೂರರಲ್ಲಿ ಎಂಜಿನ್ ನಿಂತರೂ ಗಾಳಿ ಖಾಲಿಯಾದರೂ ಕೈಬಲದಿಂದ ಲಾರಿ ತಿರುಗಿಸಿ ಬದಿಗೆ ತರಬಹುದು.

ಯಾವ ದಾರಿ ಹಿಡಿದರೂ ಹಳೆಯ ಭಾಗಗಳ ಪರೀಕ್ಷೆ ಮೊದಲು ಆಗಬೇಕು. ಟೈ ರಾಡ್, ಗೆಣ್ಣಿನ ಆರ್ಮ್, ಅದನ್ನು ಹಿಡಿದ ಬೋಲ್ಟುಗಳನ್ನು ಮನುಷ್ಯನ ತೋಳಿನ ಬಲವನ್ನು ಲೆಕ್ಕಕ್ಕಿಟ್ಟು ಮಾಡಲಾಗಿದೆ. ಚಕ್ರ ಬಂಡೆಗೆ ಸಿಕ್ಕಿಕೊಂಡಾಗ ಕೈ ಸೋತು ನಿಲ್ಲುತ್ತದೆ. ಸಿಲಿಂಡರ್ ನಿಲ್ಲುವುದಿಲ್ಲ, ಟೈ ರಾಡನ್ನೇ ಬಗ್ಗಿಸಬಹುದು. ಆದ್ದರಿಂದ ಸಿಲಿಂಡರ್‌ನ ಬಲವನ್ನು ಅಗತ್ಯಕ್ಕೆ ತಕ್ಕಷ್ಟೇ ಇಡುವುದು, ಚಕ್ರ ಕೊನೆ ಮುಟ್ಟುವ ಮುಂಚೆಯೇ ನೆರವು ನಿಲ್ಲುವಂತೆ ಹೊಂದಿಸುವುದು ಅನುಭವಿಗಳ ಕ್ರಮ. ಸವೆದ ಜಾಯಿಂಟುಗಳ ಸಡಿಲವನ್ನು ಪವರ್ ಸ್ಟಿಯರಿಂಗ್ ಮರೆಮಾಚುತ್ತದೆ, ಸರಿಪಡಿಸುವುದಿಲ್ಲ. ಎಷ್ಟೋ ಲಾರಿಗಳಲ್ಲಿ ಗ್ರೀಸು ಕಾಣದ ಕಿಂಗ್‌ಪಿನ್ ಮತ್ತು ಗಾಳಿ ಇಳಿದ ಟೈರು ಸರಿಪಡಿಸಿದರೇ ಅರ್ಧ ಭಾರ ಇಳಿಯುತ್ತದೆ.

ಕೊನೆಗೆ ಸೇನೆಯೂ ಎಂ35ಕ್ಕೆ ಪವರ್ ಸ್ಟಿಯರಿಂಗ್ ಬೇಕೆಂಬ ತೀರ್ಮಾನಕ್ಕೆ ಬಂತು. 1990ರ ದಶಕದಲ್ಲಿ ಹಳೆಯ ಎಂ35ಗಳನ್ನು ಬಿಚ್ಚಿ ನವೀಕರಿಸಿದಾಗ ಕ್ಯಾಟರ್‌ಪಿಲರ್ ಎಂಜಿನ್, ಆಟೋಮ್ಯಾಟಿಕ್ ಗೇರ್ ಮತ್ತು ಅಗಲವಾದ ಒಂಟಿ ಟೈರುಗಳ ಜೊತೆಗೆ ಪವರ್ ಸ್ಟಿಯರಿಂಗನ್ನೂ ಕೂಡಿಸಿ ಎಂ35ಎ3 ಎಂದು ಹೆಸರಿಟ್ಟಿತು. ಆ ಮಾದರಿಯ ಬಿಡಿಭಾಗಗಳು ಹೊರಬಂದ ಮೇಲೆ ಹಳೆಯ ಎಂ35 ಲಾರಿಗಳ ಮಾಲೀಕರಿಗೆ ಇನ್ನೊಂದು ಮೂಲ ಸಿಕ್ಕಂತಾಯಿತು. 1996ರಿಂದ ಸೇನೆ ಸೇರತೊಡಗಿದ, ಟೆಕ್ಸಸ್‌ನ ಸ್ಟುವರ್ಟ್ ಆ್ಯಂಡ್ ಸ್ಟೀವನ್‌ಸನ್ ತಯಾರಿಸಿದ ಹೊಸ ತಲೆಮಾರಿನ ಲಾರಿಗಳಿಗೆ ಕಾರ್ಖಾನೆಯಿಂದಲೇ ಪವರ್ ಸ್ಟಿಯರಿಂಗ್ ಬರುತ್ತದೆ. ಹೀಗಾಗಿ ಈ ಕಸುಬು ಇಂದು ಉಳಿದಿರುವುದು ಇನ್ನೂ ದುಡಿಯುತ್ತಿರುವ ಹಳೆಯ ಎಂ35 ಮತ್ತು ಅದರ ಸಮಕಾಲೀನ ಲಾರಿಗಳಿಗಷ್ಟೇ.