ಸ್ನೇಕ್ ಎಲ್ಲಿ ಹೋದ?

ಮೊದಲೇ ಹೇಳಿಬಿಡ್ತೀನಿ. ಮೆಟಲ್ ಗಿಯರ್ ಸಾಲಿಡ್ 2 ಆಡಬೇಕು ಅಂತ ಇನ್ನೂ ಎತ್ತಿಟ್ಟುಕೊಂಡಿರೋರು ಯಾರಾದ್ರೂ ಇದ್ದರೆ ಇಲ್ಲಿಗೇ ನಿಲ್ಲಿಸಿ, ಆಡಿ ಮುಗಿಸಿ ಬನ್ನಿ. ಗುಟ್ಟು ರಟ್ಟಾಗುತ್ತೆ. 2001ರ ಗೇಮು, ಇನ್ನೆಷ್ಟು ದಿನ ಬಾಯಿ ಮುಚ್ಚಿಕೊಂಡಿರೋದು ಹೇಳಿ...

ಹೊಸ ಗೇಮು ಬರೋ ಮುಂಚೆ ನಾನು ಅದರ ಟ್ರೇಲರು, ಸಂದರ್ಶನ ಯಾವುದನ್ನೂ ಮುಟ್ಟೋಲ್ಲ. ಗೆಳೆಯರಿಗೆ ಇದೊಂಥರಾ ಮಡಿ. "ಕರ್ಣ ಸಾಯ್ತಾನೆ ಅಂತ ಗೊತ್ತಿದ್ದೂ ಬೆಳಗಿನ ತನಕ ಯಕ್ಷಗಾನ ನೋಡಲ್ವೇನೋ?" ಅಂತ ಕೇಳ್ತಾರೆ. ನೋಡ್ತೀನಿ. ಆದರೆ ಅಲ್ಲಿ ಕರ್ಣನ ಬಿಲ್ಲು ನನ್ನ ಕೈಲಿರೋಲ್ಲ. ಗೇಮಿನಲ್ಲಿ ಹೆಜ್ಜೆ ಇಡೋನೇ ನಾನು, ಮುಂದೇನಿದೆ ಅಂತ ಗೊತ್ತಿದ್ದರೆ ಆ ಹೆಜ್ಜೆಯೇ ಬದಲಾಗುತ್ತೆ.

ಈ ನನ್ನ ವಾದವನ್ನ ತಲೆಕೆಳಗು ಮಾಡಿದ ಗೇಮು ಇದು.

2000ದ ಮೇ ತಿಂಗಳಲ್ಲಿ ಲಾಸ್ ಏಂಜಲೀಸಿನ ಇ3 ಮೇಳದಲ್ಲಿ ಕೊನಾಮಿ ಕಂಪನಿ ಇದರ ಟ್ರೇಲರ್ ತೋರಿಸಿತು. ಸುರಿಯೋ ಮಳೆ, ಹಡಗು, ಹಿಂದಿನ ಗೇಮಿನ ನಾಯಕ ಸ್ನೇಕ್. ಪ್ಲೇಸ್ಟೇಷನ್ 2 ಅಮೆರಿಕದ ಅಂಗಡಿಗಳಿಗೆ ಇನ್ನೂ ಬಂದೇ ಇರಲಿಲ್ಲ. ಜನ ಹುಚ್ಚೆದ್ದು ಹೋದರು. 2001ರಲ್ಲಿ ಝೋನ್ ಆಫ್ ದಿ ಎಂಡರ್ಸ್ ಅನ್ನೋ ಇನ್ನೊಂದು ಗೇಮಿನ ಜೊತೆ ಇದರ ಡೆಮೊ ಡಿಸ್ಕ್ ಇಟ್ಟರು. ಆ ಡಿಸ್ಕಿಗೋಸ್ಕರವೇ ಗೇಮು ಕೊಂಡವರಿದ್ದರು! ಡೆಮೊದಲ್ಲೂ ಅದೇ ಹಡಗು, ಅದೇ ಸ್ನೇಕ್.

2001ರ ನವೆಂಬರಿನಲ್ಲಿ ಗೇಮು ಬಂತು. ಹಡಗಿನ ಭಾಗ ಬೇಗ ಮುಗಿದುಹೋಗುತ್ತೆ. ಆಮೇಲೆ ನೀರಿನಿಂದ ಎದ್ದು ಬರೋನು ಸ್ನೇಕ್ ಅಲ್ಲ, ರೈಡನ್ ಅನ್ನೋ ಹೊಸ ಹುಡುಗ. ಉಳಿದ ಆಟವೆಲ್ಲ ಅವನದೇ. ನಿರ್ದೇಶಕ ಹಿಡಿಯೊ ಕೊಜಿಮಾ ಟ್ರೇಲರುಗಳಲ್ಲಿ ರೈಡನ್ ಇರಬೇಕಾದ ಜಾಗದಲ್ಲಿ ಬೇಕಂತಲೇ ಸ್ನೇಕನನ್ನ ನಿಲ್ಲಿಸಿದ್ದ. ಹ್ಯಾರಿಯರ್ ವಿಮಾನದ ಜೊತೆಗಿನ ಕಾದಾಟದಲ್ಲೂ ಅಷ್ಟೇ. ದುಡ್ಡು ಕೊಟ್ಟವರು ಸಿಟ್ಟಾಗಿದ್ದರಲ್ಲಿ ತಪ್ಪೇನಿಲ್ಲ ಬಿಡಿ.

ಆದರೆ ರೈಡನ್ ಯಾರು? ಸ್ನೇಕ್ ಮಾಡಿದ ಸಾಹಸಗಳನ್ನ ಕಂಪ್ಯೂಟರಿನ ಕೃತಕ ಲೋಕದಲ್ಲಿ ಆಡಿ ಆಡಿ ತಯಾರಾದವನು. ಅಂದರೆ ಹಿಂದಿನ ಗೇಮು ಆಡಿ ಮುಗಿಸಿದ ನಾವೇ! ಅವನಿಗೆ ಸಿಗೋ ಮಾಹಿತಿಯನ್ನ ಬೇರೆಯವರು ಸೋಸಿ ಕೊಡ್ತಿರ್ತಾರೆ. ಟ್ರೇಲರ್ ನಂಬಿಕೊಂಡು ವರ್ಷಗಟ್ಟಲೆ ಕಾದವನಿಗೂ ಆಗಿದ್ದು ಅದೇ. ನನ್ನ ಹಾಗೆ ಕಣ್ಣು ಮುಚ್ಚಿ ಕೂತವನಿಗೆ ಮೋಸ ಇಲ್ಲ ನಿಜ, ಬೆರಗೂ ಅರ್ಧವೇ.

2019ರ ಸೆಪ್ಟೆಂಬರಿನಲ್ಲಿ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಟ್ರೇಲರಿನಲ್ಲೂ ಒಬ್ಬನ ಜಾಗದಲ್ಲಿ ಇನ್ನೊಬ್ಬನನ್ನ ಕೂರಿಸಿದ್ದರು (ಯಾರನ್ನ ಅಂತ ಹೇಳೋಲ್ಲ, ಇದೊಂದನ್ನಾದರೂ ಉಳಿಸೋಣ). ಅಲ್ಲಿ ಆಟ ಕೆಟ್ಟಿತು. 2020ರ ಏಪ್ರಿಲ್ ಕೊನೆಗೆ ಕಥೆಯ ಮುಖ್ಯ ದೃಶ್ಯಗಳೇ ಸೋರಿಹೋದವು, ಗೇಮು ಬಂದಿದ್ದು ಜೂನ್ 19ಕ್ಕೆ. ಆ ಏಳು ವಾರ ತಪ್ಪಿಸಿಕೊಂಡು ಓಡಾಡಿದವರ ಪಾಡು ದೇವರಿಗೇ ಪ್ರೀತಿ.

ಈಗ ನನ್ನ ವ್ರತಕ್ಕೆ ಒಂದು ರಿಯಾಯ್ತಿ ಇದೆ. ಕೊಜಿಮಾನ ಗೇಮಾದರೆ ಟ್ರೇಲರ್ ನೋಡ್ತೀನಿ. ನಂಬೋದಿಲ್ಲ, ಅಷ್ಟೇ.